ಪರವಾಗಿಲ್ಲ, ಬಿಡಿ

ನಿನ್ನೆ ಇಲ್ಲದ ಬೋರ್ಡು ಇವತ್ತು ಬೆಳಿಗ್ಗೆ ಕಾಡಿನ ದಾರಿಯಲ್ಲಿ ಎದ್ದು ನಿಂತಿತ್ತು. ಅದರ ಪಕ್ಕ ಹೊಸ ಗೇಟು. ಗೇಟಿನ ಪಕ್ಕ ಹೊಸ ಕೋಲು ಹಿಡಿದ ಅರಣ್ಯ ಇಲಾಖೆಯ ವಾಚರ್ ಅಣವೀರ.

ಸುಲೇಪೇಟದ ಚೌಡೇಶ ಬೈಕು ನಿಲ್ಲಿಸಿದ. ಹ್ಯಾಂಡಲಿಗೆ ಸಿಕ್ಕಿಸಿದ ಚೀಲದಲ್ಲಿ ಹಸಿರು ಸೀರೆ, ಹಸಿರು ಬಳೆ. ಕಾಡಿನೊಳಗಿನ ಬಂಡೆಹಳ್ಳದಲ್ಲಿ ತಂಗಿ ಅಂಬಿಕಾಳ ಏಳು ತಿಂಗಳ ಕುಬಸ. ಅವ್ವ ತೀರಿಕೊಂಡ ಮೇಲೆ ಅವಳಿಗೆ ತವರೆಂದರೆ ಇವನೊಬ್ಬನೇ. ಹೊತ್ತು ಮುಳುಗುವುದರೊಳಗೆ ಸೀರೆ ಮುಟ್ಟದಿದ್ದರೆ ಅವಳ ಅತ್ತೆ ಹಣಮಮ್ಮ, ಹುಟ್ಟುವ ಕೂಸಿನ ಮದುವೆಯವರೆಗೂ ಅದನ್ನೇ ಆಡಿಕೊಳ್ಳುವವಳು.

"ಪರವಾನಗಿ?" ಎಂದ ಅಣವೀರ.

"ಲೇ, ನಾನೋ! ಹೋದ ಪಂಚಮಿಗೆ ಅಂಬಿಕಾನ ಮನ್ಯಾಗ ಕೂಡೇ ಉಂಡೀವಲ್ಲೋ!"

"ಉಂಡಿದ್ದು ಖರೇ ಅದ. ಇವತ್ತಿನಿಂದ ನೀ ಪ್ರವಾಸಿ. ಓದು."

ಚೌಡೇಶ ಓದಿದ: "ದುರ್ಗಮ ಪ್ರದೇಶ. ಪ್ರವಾಸಿಗರೇ, ಪರವಾನಗಿ ಕಡ್ಡಾಯ. ತಲೆಗೆ ಐದು ಲೀಟರು ನೀರು, ಬ್ಯಾಟರಿ, ಸೀಟಿ ಒಯ್ಯಿರಿ. ಫೋನಿಗೆ ರೇಂಜ್ ಇಲ್ಲ, ಎಲ್ಲಿಗೆ ಹೋಗುವಿರೆಂದು ಒಬ್ಬರಿಗಾದರೂ ತಿಳಿಸಿರಿ. ಅಪಾಯವಾದರೆ ಮೂರು ಸಲ ಸೀಟಿ ಊದಿರಿ, ಸಿಬ್ಬಂದಿ ಓಡಿ ಬರುವರು."

ಒಂದು ದಿನ ನವಿಲು ನೋಡಿ ಹೋಗುವವನಿಗೆ ಐದು ಲೀಟರು! ಬಂಡೆಹಳ್ಳದ ಬೋರು ಕೆಟ್ಟು ಎರಡು ವರ್ಷ. ಬಸುರಿ ಅಂಬಿಕಾ ದಿನಾ ಹಳ್ಳದಿಂದ ಕೊಡ ಹೊರುವಾಗ ಯಾವ ಸಿಬ್ಬಂದಿ ಓಡಿ ಬಂದಿತ್ತು? ಅಲ್ಲೇ ಹುಟ್ಟಿದವರ ಬಾಯಾರಿಕೆಗೆ ಬೋರ್ಡು ಬರೆಯುವವರು ಇನ್ನೂ ಹುಟ್ಟಿರಲಿಲ್ಲ.

ಪರವಾನಗಿ ತರಲು ಹಲ್ಲು ಕಚ್ಚಿ ಬೈಕನ್ನು ಚಿಂಚೋಳಿಯ ಅರಣ್ಯ ಕಚೇರಿಯತ್ತ ತಿರುಗಿಸಿದ. ಬೋರ್ಡು ಹೇಳಿತ್ತಲ್ಲ ಎಂದು ಪಕ್ಕದ ಮನೆಯ ದಾನಮ್ಮನಿಗೆ ಫೋನು ಹಚ್ಚಿದ. ದಾನಮ್ಮನಿಗೆ ತಿಳಿಸುವುದೂ ಡಂಗುರ ಹೊಡೆಸುವುದೂ ಒಂದೇ. ಮಜೀದಸಾಬನ ಅಂಗಡಿಯಲ್ಲಿ ನೀರಿನ ಕ್ಯಾನು, ಬ್ಯಾಟರಿ ಸಿಕ್ಕವು. ಸೀಟಿ ಮಾತ್ರ ಗುಲಾಬಿ ಬಣ್ಣದ್ದು, ಮಕ್ಕಳದು.

"ಒಯ್ರಿ ಚೌಡೇಶಣ್ಣ, ಹೆಂಗೂ ಸೋದರಮಾವ ಆಗಾಕತ್ತೀರಿ," ಎಂದ ಮಜೀದಸಾಬ.

ಕಚೇರಿಯಲ್ಲಿ ಸಾಹೇಬರು ಊಟ ಮುಗಿಸಿ, ಚಹಾ ಮುಗಿಸಿ, ನಾಲ್ಕಕ್ಕೆ ಕುರ್ಚಿಗೆ ಬಂದರು. ಮೈಸೂರು ಕಡೆಯವರು, ಬಂದು ಹದಿನೈದು ದಿನವಾಗಿತ್ತು.

"ಪ್ರವಾಸದ ಉದ್ದೇಶ ಏನಪ್ಪಾ?"

"ಕುಬಸರಿ."

"ಓಹೋ! ಅದು ಯಾವ ಹಕ್ಕಿ?"

"ಹಕ್ಕಿ ಅಲ್ರಿ ಸಾಹೇಬ್ರ! ತಂಗಿ ಬಸರಿ ಅದಾಳ್ರಿ. ಸೀರಿ ಒಯ್ಯಾಕತ್ತೀನಿ."

"ಸೀಮಂತ ಅನ್ನಿ!" ಸಾಹೇಬರು ನಕ್ಕರು. ಫಾರಮ್ಮಿನಲ್ಲಿ ಪಕ್ಷಿ ವೀಕ್ಷಣೆ ಇತ್ತು, ಚಾರಣ ಇತ್ತು. ತಂಗಿ ಎಲ್ಲೂ ಇರಲಿಲ್ಲ. ಕೊನೆಗೆ ಅಂಚಿನಲ್ಲೇ ಗೀಚಿದರು: "ಪರವಾಗಿಲ್ಲ, ಬಿಡಿ."

ಗೇಟಿಗೆ ಬರುವಷ್ಟರಲ್ಲಿ ಹೊತ್ತು ಮರದ ತಲೆಗೆ ಇಳಿದಿತ್ತು. ಫೋನು ಮುಟ್ಟದ ಊರಿಗೂ ದಾನಮ್ಮನ ಸುದ್ದಿ ಮುಟ್ಟಿತ್ತು. ಗೇಟಿನ ಒಳಬದಿಗೆ ಅಂಬಿಕಾ ಸೊಂಟ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಹಣಮಮ್ಮ.

"ಏನ್ ಚೌಡೇಶಪ್ಪಾ, ನಿಮ್ಮ ತವರು ಗೇಟಿನತನಾ ಅಷ್ಟೇ ಏನು?"

ಚೌಡೇಶ ಕೊಟ್ಟ ಫಾರಮ್ಮನ್ನು ಅಣವೀರ ಬಿಚ್ಚಿದ. ಸಾಹೇಬರ ಅಕ್ಷರ ಜಾಲಿಮುಳ್ಳಿನ ಬೇಲಿಯಂತಿತ್ತು. "ಪರವಾ... ಗಿ... ಇಲ್ಲ. ಬಿಡಿ. ಅಂದ್ರ ಪರವಾನಗಿ ಇಲ್ಲ, ಆಸೆ ಬಿಡ್ರಿ ಅಂತ."

"ಅಲ್ಲೋ ಮಾರಾಯಾ! ಪರವಾಗಿಲ್ಲ ಅಂದ್ರ ನಡೀತದ ಅಂತ ಅರ್ಥ!"

"ನಡೀತದ ಅನ್ನೋದಿದ್ರ ನಡೀತದ ಅಂತೇ ಬರೀತಿದ್ರು. ಕಲ್ತವ್ರು ಅದಾರ."

ಹೊತ್ತು ಮುಳುಗತೊಡಗಿತು. ಚೌಡೇಶ ಗೇಟಿನ ಮೇಲಿಂದಲೇ ಸೀರೆ ಚಾಚಿದ. "ಹೊಸ್ತಿಲ ಅಡ್ಡ ಇಟ್ಕೊಂಡು ತವರಿನ ಸೀರಿ ಇಸ್ಕೋತಾರೇನು? ದಾಟಿ ಹೋಗಿ ತಗೋಳವಾ!" ಎಂದು ಹಣಮಮ್ಮ ಚೀರಿದಳು.

ಅಂಬಿಕಾ ಗೇಟಿನ ಪಕ್ಕದ ಸಂದಿಯಿಂದ ಮೆಲ್ಲಗೆ ಹೊರಬಂದಳು. ಅಣ್ಣನ ಕೈಯಿಂದ ಸೀರೆ ತಗೊಂಡು ಕಣ್ಣಿಗೊತ್ತಿಕೊಂಡಳು. ಸೂರ್ಯ ಇನ್ನೂ ಅರ್ಧ ಉಳಿದಿದ್ದ.

ಅವಳು ತಿರುಗಿ ಸಂದಿಯತ್ತ ಹೆಜ್ಜೆ ಇಟ್ಟಾಗ ಕೋಲು ಅಡ್ಡ ಬಂತು.

"ಯಕ್ಕಾ, ಪರವಾನಗಿ?"

"ಅದು ನಮ್ಮ ಮನಿ ಅಲ್ಲೇನೋ!"

"ಒಳಗಿದ್ರ ಮನಿ. ಹೊರಗಿಂದ ಬಂದ್ರ ಪ್ರವಾಸ. ಕಚೇರಿ ಮುಚ್ಚೇದ, ನಾಳಿಗಿ ಬರ್ರಿ."

ಒಳಗಿನಿಂದ ಹಣಮಮ್ಮ ಚೌಡೇಶನ ಏಳು ತಲೆಮಾರನ್ನು ಎಣಿಸತೊಡಗಿದಳು. ಚೌಡೇಶ ಜೇಬಿನಿಂದ ಗುಲಾಬಿ ಸೀಟಿ ತೆಗೆದು, ಕೆನ್ನೆ ಉಬ್ಬಿಸಿ ಮೂರು ಸಲ ಊದಿದ.

ಮಾರುದ್ದ ದೂರದಲ್ಲಿದ್ದ ಅಣವೀರ ಎರಡು ಹೆಜ್ಜೆ ಓಡಿ ಬಂದು, ನೆಟ್ಟಗೆ ನಿಂತು ಕೇಳಿದ:

"ಬಂದೆ. ಹೇಳ್ರಿ, ಏನ್ ಅಪಾಯ?"