ನನ್ನ ತಲೆಯ ಮೇಲಿನ ಹಸಿರು ದೀಪ

ನಮ್ಮ ಗದಗ-ಬೆಟಗೇರಿಯ ಕಡೆ ಯಾರ ಬಗ್ಗೆಯಾದರೂ ತಿಳಿದುಕೊಳ್ಳಬೇಕಾದರೆ ಅವರೊಬ್ಬರನ್ನು ಬಿಟ್ಟು ಉಳಿದವರನ್ನೆಲ್ಲ ಕೇಳುವುದು ಪದ್ಧತಿ. ಕನ್ಯೆ ನೋಡಲು ಬರುವವರು ಆ ಮನೆಗೆ ಕಾಲಿಡುವ ವಾರದ ಮೊದಲೇ ಓಣಿಗೆ ಒಂದು ಸುತ್ತು ಹಾಕಿ ಹೋಗಿರುತ್ತಾರೆ. ಹಿಟ್ಟಿನ ಗಿರಣಿಯಲ್ಲಿ ವಿಚಾರಿಸುತ್ತಾರೆ, ಕಿರಾಣಿ ಅಂಗಡಿಯಲ್ಲಿ ವಿಚಾರಿಸುತ್ತಾರೆ, ಕೊನೆಗೆ ಪಕ್ಕದ ಮನೆಯ ಕಟ್ಟೆಯ ಮೇಲೆ ಕುಳಿತು, ಕೊಟ್ಟ ಚಹಾ ಕುಡಿದು, “ಮಂದಿ ಹೆಂಗ ಅದಾರ್ರಿ?” ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹೇಳುವುದು ಸಣ್ಣ ಜವಾಬ್ದಾರಿಯಲ್ಲ. ನಾನು ಆ ಜವಾಬ್ದಾರಿಯನ್ನು ಇಪ್ಪತ್ತು ವರ್ಷಗಳಿಂದ ಬಹಳ ಪ್ರೀತಿಯಿಂದ ಹೊತ್ತುಕೊಂಡು ಬಂದವಳು. ಅದರಲ್ಲಿ ಒಮ್ಮೆ ಎಡವಿದ್ದೂ ಉಂಟು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ನಮ್ಮ ಪಕ್ಕದ ಮನೆಯ ನೀಲಕ್ಕ ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ನಾನು ಕಳಸಾಪುರದಲ್ಲಿ ವಿಜ್ಞಾನ ಕಲಿಸುತ್ತೇನೆ. ಅವರು ನನಗಿಂತ ಆರು ವರ್ಷ ದೊಡ್ಡವರು, ಮಾತು ಕಡಿಮೆ, ಲೆಕ್ಕ ಹೆಚ್ಚು. ಎರಡು ವರ್ಷದ ಹಿಂದೆ ಅವರ ಅಕ್ಕನ ಮಗಳಿಗೆ ಶಿರಹಟ್ಟಿಯ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗಿ ನೀಲಕ್ಕನ ಮನೆಯಲ್ಲಿದ್ದೇ ಓದಿದವಳು. ಗಂಡಿನ ಕಡೆಯವರು ರೂಢಿಯಂತೆ ನಮ್ಮ ಕಟ್ಟೆಗೂ ಬಂದರು. ನಾನು ಅರ್ಧ ಗಂಟೆ ಆ ಹುಡುಗಿಯನ್ನು ಹೊಗಳಿದೆ. ಓದು, ಅಡಿಗೆ, ಹಿರಿಯರ ಮೇಲಿನ ಗೌರವ, ಯಾವುದನ್ನೂ ಬಿಡಲಿಲ್ಲ. ಅವರು ಎದ್ದು ಚಪ್ಪಲಿ ಮೆಟ್ಟುವಾಗ, ಬರೀ ಹೊಗಳಿದರೆ ನಂಬುವುದಿಲ್ಲವೇನೋ ಅನ್ನಿಸಿ, “ಸ್ವಲ್ಪ ಮಾತು ಜಾಸ್ತಿ, ಅಷ್ಟ” ಎಂದೆ. ಆ ಸಂಬಂಧ ಕೂಡಿಬರಲಿಲ್ಲ. ಅರ್ಧ ಗಂಟೆಯ ಹೊಗಳಿಕೆ ಯಾರಿಗೂ ನೆನಪಿಲ್ಲ, ಚಪ್ಪಲಿಯ ಹತ್ತಿರ ಆಡಿದ ಮೂರು ಮಾತು ನೀಲಕ್ಕನ ಕಿವಿಯವರೆಗೆ ಹೋಯಿತು. ಹುಡುಗಿಯನ್ನು ಆಮೇಲೆ ಮುಂಡರಗಿಗೆ ಕೊಟ್ಟರು, ಸುಖವಾಗಿದ್ದಾಳೆ, ಅಲ್ಲಿ ಎಷ್ಟು ಬೇಕಾದರೂ ಮಾತಾಡುತ್ತಾಳಂತೆ. ನೀಲಕ್ಕ ಮಾತ್ರ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟರು. ನನಗೆ ಬಹಳ ಕೆಟ್ಟದೆನಿಸಿತು. ಆದರೆ ಕೆಟ್ಟದೆನಿಸಿದ್ದನ್ನು ಹೋಗಿ ಹೇಳುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಅವರು ಮೊದಲು ಮಾತಾಡಲಿ ಎಂದು ನಾನೂ ಗಟ್ಟಿಯಾಗಿ ಕುಳಿತೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ವರ್ಷ ನಮ್ಮ ಶಾಲೆಗೆ ದಾನಿಗಳೊಬ್ಬರು ಐದು ವಿಆರ್ ಹೆಡ್‌ಸೆಟ್ ಕೊಟ್ಟರು. ಕಣ್ಣಿಗೆ ಕಟ್ಟಿಕೊಳ್ಳುವ ಡಬ್ಬಿ. ಕಟ್ಟಿಕೊಂಡರೆ ಕಳಸಾಪುರ ಮಾಯವಾಗಿ ಬೇರೊಂದು ಲೋಕ ಬರುತ್ತದೆ. ಆ ಲೋಕದಲ್ಲಿ ಶಿಕ್ಷಕರಿಗೆಂದೇ ‘ಅಂಗಳ’ ಎಂಬ ಜಾಗವಿದೆ. ಎಲ್ಲೆಲ್ಲಿಯ ಮೇಷ್ಟ್ರುಗಳೂ ಅಲ್ಲಿಗೆ ಬರುತ್ತಾರೆ, ಒಬ್ಬೊಬ್ಬರದು ಒಂದೊಂದು ವೇಷ. ಅಂಗಳದ ಆಚೆ ಪಾಠದ ಕೋಣೆಗಳು. ಅದರಲ್ಲಿ ಒಂದು ಮನುಷ್ಯನ ಹೃದಯ, ಮನೆಯಷ್ಟು ದೊಡ್ಡದು. ಮಕ್ಕಳು ಒಳಗೆ ನಡೆದು, ರಕ್ತ ಯಾವ ಬಾಗಿಲಿನಿಂದ ಬಂದು ಯಾವ ಬಾಗಿಲಿನಿಂದ ಹೋಗುತ್ತದೆಂದು ನಿಂತು ನೋಡಬಹುದು. ಕಪ್ಪು ಹಲಗೆಯ ಮೇಲೆ ಹೃದಯವನ್ನು ಬಿಡಿಸಿ ಬಿಡಿಸಿ ಅದು ಮಾವಿನಕಾಯಿಯಂತೆಯೇ ಬರುವುದನ್ನು ಇಷ್ಟು ವರ್ಷ ಸಹಿಸಿಕೊಂಡ ನನಗೆ ಇದು ದೊಡ್ಡ ಆಸೆಯಾಯಿತು. ಒಂಬತ್ತನೆಯ ತರಗತಿಯ ಮಕ್ಕಳಿಗೆ, ದಸರೆಯ ರಜೆ ಮುಗಿದ ಸೋಮವಾರ ಎಲ್ಲರನ್ನೂ ಹೃದಯದೊಳಗೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟೆ. ಮುಂದಿನ ಬೆಂಚಿನ ರೇಣುಕಾ ದಿನಾ ಕೇಳುತ್ತಿದ್ದಳು: “ಟೀಚರ, ಚಪ್ಪಲ್ ಬಿಟ್ಟು ಹೋಗೂದೇನ್ರಿ, ಹಾಕ್ಕೊಂಡು ಹೋಗೂದೇನ್ರಿ?”

ಆದರೆ ಮಕ್ಕಳನ್ನು ಕರೆದೊಯ್ಯಲು ಯಾರು ಬೇಕಾದರೆ ಅವರಿಗೆ ಬಿಡುವುದಿಲ್ಲ. ಅಲ್ಲಿ ಪ್ರತಿಯೊಬ್ಬರ ತಲೆಯ ಮೇಲೂ ಒಂದು ಸಣ್ಣ ದೀಪ ತೇಲುತ್ತಿರುತ್ತದೆ. ಹೊಸಬರಿಗೆ ಬೂದು, ಒಂದಿಷ್ಟು ದಿನ ಸರಿಯಾಗಿ ನಡೆದುಕೊಂಡವರಿಗೆ ಹಳದಿ, ಪೂರಾ ನಂಬಿಕೆ ಬಂದವರಿಗೆ ಹಸಿರು. ಯಾರಾದರೂ ದೂರು ಕೊಟ್ಟರೆ ಕೆಂಪು. ಹಸಿರು ದೀಪದವರು ಮಾತ್ರ ಮಕ್ಕಳನ್ನು ಒಳಗೆ ತರಬಹುದು. ನಿಯಮ ಒಳ್ಳೆಯದೇ. ಮಕ್ಕಳ ವಿಷಯದಲ್ಲಿ ಗುರುತಿಲ್ಲದವರನ್ನು ನಂಬಬಾರದೆಂದು ನಾನೇ ಪಾಲಕರ ಸಭೆಯಲ್ಲಿ ಭಾಷಣ ಮಾಡಿದ್ದೇನೆ. ಗುರುತಿಲ್ಲದವರು ಎಂದರೆ ನಾನೂ ಆಗಬಹುದೆಂದು ಆಗ ಹೊಳೆದಿರಲಿಲ್ಲ. ರಜೆಗೆ ಮೊದಲೇ ಹೆಡ್‌ಸೆಟ್ ಒಂದನ್ನು ಮನೆಗೆ ತಂದು ದಿನಾ ಅಂಗಳಕ್ಕೆ ಹೋಗಿ ಬಂದೆ. ಮೂರು ವಾರಕ್ಕೆ ದೀಪ ಹಳದಿಯಾಯಿತು. ಇನ್ನು ನಾಲ್ಕು ದಿನ ಹೀಗೇ ಇದ್ದರೆ ಹಸಿರು ಎಂದು ಡಬ್ಬಿಯೇ ಹೇಳಿತು.

ಆ ನಾಲ್ಕು ದಿನದ ಮಧ್ಯೆ ವಿಜಯದಶಮಿ ಬಂತು.

ನಮ್ಮ ಕಡೆ ಅಂದು ಬನ್ನಿಯ ಎಲೆ ಕೊಟ್ಟು “ಬನ್ನಿ ತಗೊಂಡು ಬಂಗಾರದಂಗ ಇರೋಣ” ಅನ್ನುತ್ತೇವೆ. ಪರಿಚಯದವರು, ಪರಿಚಯವಿಲ್ಲದವರು, ಹೋದ ವರ್ಷ ಜಗಳಾಡಿದವರು, ಎಲ್ಲರಿಗೂ ಕೊಡಬೇಕು, ಹಿರಿಯರ ಕಾಲು ಮುಟ್ಟಬೇಕು. ಹಮ್ಮಿಗಿಯಲ್ಲಿ, ನನ್ನ ತವರಿನಲ್ಲಿ, ನಮ್ಮಪ್ಪ ಬಸ್ಸಿನಿಂದ ಇಳಿದ ಅಪರಿಚಿತರಿಗೂ ಬನ್ನಿ ಕೊಟ್ಟು ಕಳಿಸುತ್ತಿದ್ದರು. ನಾನು ಅಂದು ಮಧ್ಯಾಹ್ನ ಹೋಳಿಗೆ ಉಂಡು ಡಬ್ಬಿ ಕಟ್ಟಿಕೊಂಡು ಅಂಗಳಕ್ಕೆ ಹೋದರೆ, ನಡುವೆ ಆ ಮರ ಕಂಡಿತು. ದಿನಾ ಇರುವ ಮರವೇ, ಪಾಠಕ್ಕೆಂದು ಇಟ್ಟದ್ದು, ಎಲೆ ಕಿತ್ತರೆ ಕೈಗೆ ಬರುತ್ತದೆ. ಬನ್ನಿ ಮರವಲ್ಲ, ಆದರೆ ಹಬ್ಬದ ದಿನ ಅಷ್ಟು ಜನ ಹಲ್ಲು ಬಿಡದೆ ಸುಮ್ಮನೆ ನಿಂತದ್ದು ನನ್ನಿಂದ ನೋಡಲಾಗಲಿಲ್ಲ. ಉಡಿ ತುಂಬ ಎಲೆ ಕಿತ್ತೆ. ಉಡಿ ಇಲ್ಲಿ ಇತ್ತು, ಎಲೆ ಅಲ್ಲಿ ಇತ್ತು, ಹೇಗೋ ನಡೆಯಿತು.

ಮೊದಲು ಸಿಕ್ಕವರ ಕೈ ಹಿಡಿದು ಎಲೆ ಕೊಟ್ಟೆ, ಅವರು ಗಲಿಬಿಲಿಯಾಗಿ ತೆಗೆದುಕೊಂಡರು. ಎರಡನೆಯವರು ಬೇಡವೆಂದು ಕೈ ಆಡಿಸಿ ಹಿಂದೆ ಸರಿದರು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಯಾರಾದರೂ ಬೇಡ ಎಂದರೆ ಅದು ಬೇಕು ಎನ್ನುವುದರ ಮೊದಲ ಮೆಟ್ಟಿಲು. ಊಟಕ್ಕೆ ಕುಳಿತವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು “ಸಾಕ್ರಿ, ಸಾಕ್ರಿ” ಎಂದಾಗಲೇ ಇನ್ನೊಂದು ರೊಟ್ಟಿ ಹಾಕುವುದು. ಒಮ್ಮೆ ಬೇಡವೆಂದದ್ದಕ್ಕೇ ಬಿಟ್ಟರೆ, ಕೊಡುವ ಮನಸ್ಸೇ ಇರಲಿಲ್ಲವೆಂದು ಊರೆಲ್ಲ ಹೇಳಿಕೊಂಡು ಬರುತ್ತಾರೆ. ಆದ್ದರಿಂದ ಅವರು ಹಿಂದೆ ಸರಿದಷ್ಟೂ ನಾನು ಮುಂದೆ ಹೋದೆ. ಅವರು ಕಂಬದ ಹಿಂದೆ ಹೋದರು, ನಾನೂ ಹೋದೆ. ಕೊನೆಗೆ ಎಲೆ ಅವರ ಕೈಗಿಟ್ಟು “ಬಂಗಾರದಂಗ ಇರೋಣ” ಎಂದೇ ಬಿಟ್ಟೆ. ಹೀಗೆ ಒಬ್ಬರನ್ನೂ ಬಿಡದೆ ಮೂವತ್ತು ನಲವತ್ತು ಜನಕ್ಕೆ ಕೊಟ್ಟೆ. ಮೂಲೆಯಲ್ಲಿ ಬಿಳಿ ಗಡ್ಡದ ಹಿರಿಯರೊಬ್ಬರು ನಿಂತಿದ್ದರು, ಬಗ್ಗಿ ಅವರ ಕಾಲು ಮುಟ್ಟಿದೆ. ಬಗ್ಗುವಾಗ ನಮ್ಮ ಮನೆಯ ಕಪಾಟಿಗೆ ಹಣೆ ಬಡಿಯಿತು. ಮೇಲಿನಿಂದ ತೀರ ಎಳೆಯ ದನಿಯಲ್ಲಿ, “ಅಯ್ಯೋ ಮೇಡಂ, ನಾನು ಇನ್ನೂ ಬಿ.ಇಡಿ. ಮಾಡ್ತಿದೀನಿ” ಎಂದು ಕೇಳಿಸಿತು.

ಡಬ್ಬಿ ತೆಗೆಯುವ ಮೊದಲೇ ನನ್ನ ದೀಪ ಕೆಂಪಾಗಿತ್ತು. ಏಳು ದೂರು. ಕಾರಣಗಳನ್ನು ಒಪ್ಪವಾಗಿ ಬರೆದಿದ್ದರು: ಇತರರಿಗೆ ತೀರ ಹತ್ತಿರ ಹೋಗುವುದು, ಅನುಮತಿಯಿಲ್ಲದೆ ಕೈ ಹಿಡಿಯುವುದು, ಬೇಡವೆಂದ ಮೇಲೂ ವಸ್ತು ಕೊಡುವುದು, ಹಿಂಬಾಲಿಸುವುದು, ಒಂದೇ ಮಾತನ್ನು ಎಲ್ಲರಿಗೂ ಹೇಳುವುದು. ಓದಿದರೆ ಇಂಥವಳು ನಮ್ಮ ಓಣಿಗೆ ಬಂದರೆ ನಾನೇ ಬಾಗಿಲು ಹಾಕಿಕೊಳ್ಳಬೇಕು, ಹಾಗಿತ್ತು. ಕಾಲು ಮುಟ್ಟಿದ್ದಕ್ಕೆ ಅವರಲ್ಲಿ ಹೆಸರಿರಲಿಲ್ಲ, ‘ಅಸಹಜ ಚಲನೆ’ ಎಂದಿತ್ತು. ನನಗೆ ಅಳುವೇ ಬಂತು. ನಮ್ಮ ಮನೆಯವರು ಪೂರ್ತಿ ಕೇಳಿ, “ಬಸ್ ಸ್ಟ್ಯಾಂಡಿನ್ಯಾಗ ಹಂಗ ಮಾಡಿದ್ರ ಪೊಲೀಸರನ್ನ ಕರೀತಿದ್ರು, ಅವರು ದೀಪ ಅಷ್ಟ ಕೆಂಪ ಮಾಡ್ಯಾರ” ಎಂದು ಸಮಾಧಾನ ಹೇಳಿದರು.

ಬನ್ನಿ ಎಂದರೇನು, ಯಾಕೆ ಕೊಡುತ್ತಾರೆ, ಹಮ್ಮಿಗಿಯಲ್ಲಿ ಹೇಗೆ, ಬೆಟಗೇರಿಯಲ್ಲಿ ಹೇಗೆ ಎಂದು ವಿವರಣೆ ಬರೆದು ಕಳಿಸಿದೆ. ವಿವರಣೆ ಇನ್ನೂರು ಪದ ಮೀರಬಾರದೆಂದು ತಿರುಗಿ ಬಂತು. ನಾನು ಬರೆದದ್ದರಲ್ಲಿ ಇನ್ನೂರು ಪದಕ್ಕೆ ನಮ್ಮಪ್ಪ ಇನ್ನೂ ಬನ್ನಿ ಮರದ ಹತ್ತಿರವೂ ಹೋಗಿರಲಿಲ್ಲ. ಉಳಿದದ್ದು ಒಂದೇ ದಾರಿ. ನಮ್ಮನ್ನು ಖುದ್ದಾಗಿ ಬಲ್ಲ, ನಮ್ಮ ಊರಿನಲ್ಲೇ ಇರುವ ಹಸಿರು ದೀಪದ ಸದಸ್ಯರೊಬ್ಬರು ನಮ್ಮ ಬಗ್ಗೆ ನಾಲ್ಕು ಮಾತು ಬರೆದರೆ ದೂರು ರದ್ದಾಗಿ ದೀಪ ಹಸಿರಾಗುತ್ತದೆ. ಆ ನಾಲ್ಕು ಮಾತು ಹೆಸರಿನ ಕೆಳಗೆ ಎಲ್ಲರಿಗೂ ಕಾಣುವಂತೆ ಇರುತ್ತದೆ. ನಮ್ಮ ಊರಿನ ಹಸಿರು ದೀಪದವರು ಯಾರೆಂದು ಹುಡುಕಿದೆ. ಒಂದೇ ಹೆಸರು ಬಂತು. ನೀಲಮ್ಮ, ಗಣಿತ, ಬೆಟಗೇರಿ.

ಇಷ್ಟು ದೊಡ್ಡ ಯಂತ್ರ, ಸುತ್ತಿ ಬಳಸಿ ಕೊನೆಗೆ ಕೇಳಿದ್ದು ಪಕ್ಕದ ಮನೆಯವರನ್ನೇ! ಎರಡು ದಿನ ಕಾಂಪೌಂಡಿನವರೆಗೆ ಹೋಗಿ ಹೋಗಿ ತಿರುಗಿ ಬಂದೆ. ಎರಡು ದಸರೆಗೂ ಆ ಮನೆಗೆ ನಮ್ಮ ಮನೆಯವರೊಬ್ಬರೇ ಹೋಗಿ ಇಬ್ಬರ ಪಾಲಿನ ಬನ್ನಿಯನ್ನೂ ಕೊಟ್ಟು ಬಂದಿದ್ದರು. ಕಂಬದ ಹಿಂದೆ ಅಡಗಿದವರನ್ನು ಬೆನ್ನಟ್ಟಿ ಬನ್ನಿ ಕೊಟ್ಟ ನನಗೆ ನಾಲ್ಕು ಅಡಿಯ ಗೋಡೆ ದಾಟಲಾಗಿರಲಿಲ್ಲ. ಇದನ್ನು ಯೋಚಿಸಿ ನಾಚಿಕೆಯಾಯಿತು. ಆದರೂ ಹೊರಡಿಸಿದ್ದು ನಾಚಿಕೆಯಲ್ಲ, ಸೋಮವಾರ ಚಪ್ಪಲಿ ಬಿಟ್ಟು ನಿಲ್ಲುವ ರೇಣುಕಾ. ಶನಿವಾರ ಬೆಳಿಗ್ಗೆ ದೇವರ ಮನೆಯಲ್ಲಿ ಉಳಿದಿದ್ದ ಒಣಗಿದ ಬನ್ನಿ ಹಿಡಿದುಕೊಂಡು ಹೋದೆ.

ನೀಲಕ್ಕ ಶೇಂಗಾ ಸುಲಿಯುತ್ತ ಕುಳಿತಿದ್ದರು. “ಬನ್ನಿ ತಗೋರಿ ಅಕ್ಕಾರ” ಎಂದು ಬಗ್ಗಿದೆ. ಕಾಲು ಹಿಂದಕ್ಕೆ ತೆಗೆದುಕೊಂಡು, “ಬ್ಯಾಡ ಬಿಡವಾ” ಎಂದರು. ಹೊಸದಾಗಿ ಪಾಠ ಕಲಿತವಳು ನಾನು. ತಕ್ಷಣ ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿ ನಿಂತೆ. ನೀಲಕ್ಕ ಕಾದು ನೋಡಿದರು. ನಾನು ಅಲುಗಲಿಲ್ಲ. ಅವರಿಗೆ ಸಿಟ್ಟೇ ಬಂತು.

“ಏನವಾ ಇದು ರೀತಿ? ಒಮ್ಮೆ ಬ್ಯಾಡ ಅಂದ್ರ ಬಿಟ್ಟ ಬಿಡೂದೇನು? ಎರಡು ವರ್ಷಕ್ಕ ಒಂದ ಸಲ ಬರ್ತಿ, ಅದ್ರಾಗ ಬಾಯಿಮಾತಿಗೂ ಇನ್ನೊಮ್ಮೆ ತಗೋರಿ ಅನ್ನಾಕ ಆಗಂಗಿಲ್ಲ? ಕೊಡು ಇಲ್ಲಿ!”

ಕೊಟ್ಟೆ. ಕಾಲು ಮುಟ್ಟಿದೆ. ಇಬ್ಬರ ಕಣ್ಣಲ್ಲೂ ನೀರು ಬಂತು, ಇಬ್ಬರೂ ಶೇಂಗಾದ ಧೂಳು ಎಂದೆವು. ಆಮೇಲೆ ನಾನು ಹೇಳಿದ್ದನ್ನೆಲ್ಲ ಕೇಳಿ, ಬಿಳಿ ಗಡ್ಡದ ಹುಡುಗನಲ್ಲಿಗೆ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಗಣಿತದ ಟೀಚರ ಮುಖ ಮಾಡಿ, “ಬರೀತೀನಿ. ಆದ್ರ ಖರೆ ಇದ್ದದ್ದನ್ನ ಬರೀತೀನಿ ನೋಡು” ಎಂದರು. ಬರೆಯಿರಿ ಅಕ್ಕಾರ ಎಂದೆ. ನಾನೇನು ಕಳ್ಳಿಯೇ?

ಸೋಮವಾರ ದೀಪ ಹಸಿರಾಗಿತ್ತು. ಮಕ್ಕಳು ನಾಲ್ಕು ನಾಲ್ಕು ಜನರಾಗಿ ಹೃದಯದೊಳಗೆ ಬಂದರು. ನಾನು ಎಡ ಹೃತ್ಕುಕ್ಷಿಯ ನಡುವೆ ನಿಂತು ಕವಾಟ ತೋರಿಸುತ್ತಿದ್ದರೆ ಒಬ್ಬರೂ ಕವಾಟ ನೋಡಲಿಲ್ಲ, ಎಲ್ಲರೂ ನನ್ನ ತಲೆಯ ಮೇಲೆ ನೋಡುತ್ತಿದ್ದರು. “ಟೀಚರ, ನಿಮ್ಮ ಹೆಸರಿನ ಕೆಳಗ ಏನೋ ಬರದೈತ್ರಿ” ಎಂದು ರೇಣುಕಾ ಗಟ್ಟಿಯಾಗಿ ಓದಿದಳು: “ಇಪ್ಪತ್ತು ವರ್ಷದಿಂದ ಬಲ್ಲೆ. ನಂಬಬಹುದು. ಮಕ್ಕಳೆಂದರೆ ಜೀವ. ಸ್ವಲ್ಪ ಮಾತು ಜಾಸ್ತಿ, ಅಷ್ಟೇ.” ಮೂವತ್ತೆರಡು ಮಕ್ಕಳೂ ಸರದಿಯಂತೆ ಅದನ್ನು ಓದಿ ನಕ್ಕು ಹೊರಗೆ ಬಂದರು. ಮೊದಲ ಮೂರು ಮಾತು ಒಬ್ಬರಿಗೂ ನೆನಪಿರಲಿಲ್ಲ.

ಬರೆದವರೇ ತೆಗೆಯದ ಹೊರತು ಆ ಸಾಲು ಹೋಗುವುದಿಲ್ಲವಂತೆ. ಅಂದು ಶಾಲೆಯಿಂದ ಬಂದವಳೇ, ಕೊನೆಯ ಸಾಲನ್ನಾದರೂ ತೆಗೆಸಲೇಬೇಕೆಂದು ನೇರವಾಗಿ ನೀಲಕ್ಕನ ಮನೆಗೆ ಹೋದೆ. ಎರಡು ತಾಸು ಬಿಟ್ಟು ಒಂದು ಡಬ್ಬಿ ಶೇಂಗಾ ಚಟ್ನಿ ಹಿಡಿದು ತಿರುಗಿ ಬಂದಾಗ ನಮ್ಮ ಮನೆಯವರು, “ಏನಂದ್ರು? ತೆಗೀತಾರಂತೇನು?” ಎಂದು ಕೇಳಿದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಎರಡು ವರ್ಷದ ಮಾತು ಬಾಕಿಯಿತ್ತು ನೋಡಿ, ಅದರಲ್ಲಿ ಆ ವಿಷಯ ಎತ್ತುವುದೇ ಮರೆತುಹೋಗಿತ್ತು.