ಹೊದಿಕೆಯೊಳಗಿನ ಮಹಾಶಯರಿಗೆ, ಹಳೇ ಎಣ್ಣೆಯ ವಿಚಾರವಾಗಿ

ಇವರಿಗೆ: ಕಪ್ಪು ಬಣ್ಣದ, ತೊಗಲಿನ ಸೀಟಿನ, ಹತ್ತೊಂಬತ್ತು ವರ್ಷ ವಯಸ್ಸಿನ ಕಾರು ಮಹಾಶಯರು, ಮುಂಬಾಗಿಲ ಪಕ್ಕದ ಕೋಣೆ.

ಮಾನ್ಯರೇ,

ತಮ್ಮ ಬಣ್ಣ ಮಾಸದಿರಲಿ, ತಮ್ಮ ಗಾಜಿನ ಮೇಲೆ ನೊಣವೂ ಕೂರದಿರಲಿ ಎಂದು ಹಾರೈಸುತ್ತಾ, ಈ ಮನೆಗೆ ತಮಗಿಂತ ಹನ್ನೊಂದು ವರ್ಷ ಮೊದಲೇ ಬಂದವಳೂ, ಅಂತಸ್ತಿನಲ್ಲಿ ಮಾತ್ರ ತಮಗಿಂತ ಬಹಳ ಕೆಳಗಿನವಳೂ ಆದ ನಾನು, ನಿಯಮದಂತೆ ಎರಡು ಹೆಜ್ಜೆ ದೂರ ನಿಂತು ಮಾಡಿಕೊಳ್ಳುವ ಅರಿಕೆ ಇದು.

ತಾವು ವಿಶ್ರಮಿಸುತ್ತಿರುವ ಕೋಣೆಯನ್ನು ಕಟ್ಟಿಸಿದ್ದು ನನ್ನ ಹೊಲಿಗೆ ಮಿಷನ್ನಿಗಾಗಿ ಎಂಬುದು ತಮಗೆ ತಿಳಿದಿರಲಾರದು. ತಾವು ದಯಮಾಡಿಸಿದ ವಾರವೇ ನಮ್ಮವರು ಅದರ ಗೋಡೆ ಒಡೆಸಿ ಶಟರ್ ಹಾಕಿಸಿದರು, ಮಿಷನ್ನು ನಡುಮನೆಯ ಓಣಿಗೆ ಬಂತು, ಅಂದಿನಿಂದ ಬಂದವರು ಹೋದವರೆಲ್ಲ ನನ್ನ ಕತ್ತರಿಸಿಟ್ಟ ಬಟ್ಟೆಯನ್ನು ತುಳಿದುಕೊಂಡೇ ಓಡಾಡುತ್ತಾರೆ. ಅದಕ್ಕೆ ನನಗೇನೂ ಬೇಸರವಿಲ್ಲ. ಇಲ್ಲ ಅಂದರೆ ಸುಳ್ಳಾಗುತ್ತದೆ, ಬೇಸರವಿದೆ. ಆದರೂ ತಮಗೆ ಮೂರು ಸಲ ಹೊದಿಕೆ ಹೊಲಿದುಕೊಟ್ಟಿದ್ದೇನೆ, ಒಳಗೆ ಮೆತ್ತನೆಯ ಅಸ್ತರು ಕೊಟ್ಟು, ಕನ್ನಡಿಗಳಿಗೆ ಬೇರೆಬೇರೆ ಕಿವಿ ಇಟ್ಟು, ನಮ್ಮವರ ಅಪ್ಪಣೆಯಂತೆ ಎರಡನೇ ಬೀಗದ ಕೈಗೊಂದು ಗುಟ್ಟಿನ ಜೇಬನ್ನೂ ಕೂರಿಸಿ. ಆ ಜೇಬಿನ ವಿಚಾರವನ್ನು ದಯವಿಟ್ಟು ನೆನಪಿನಲ್ಲಿಡಿ.

ಹತ್ತೊಂಬತ್ತು ವರ್ಷಗಳಲ್ಲಿ ತಾವು ಒಂಬತ್ತು ಸಾವಿರ ಕಿಲೋಮೀಟರ್ ಸಂಚರಿಸಿದ್ದೀರಿ, ಅದರಲ್ಲಿ ಎಂಟು ಸಾವಿರ ಮೊದಲ ವರ್ಷದ್ದು. ಕಿಲೋಮೀಟರ್ ಏರಿದರೆ ತಮ್ಮ ಗೌರವ ಇಳಿಯುತ್ತದೆ ಎಂದು ಆಮೇಲೆ ನಮ್ಮವರಿಗೆ ಯಾರೋ ಪುಣ್ಯಾತ್ಮರು ಹೇಳಿದರಂತೆ. ಅಂದಿನಿಂದ ತಾವು ಮನೆಯಲ್ಲಿ, ನಾವು ಬಸ್ಸಿನಲ್ಲಿ. ಟೈರು ನಿಂತಲ್ಲೇ ಬಿರುಕು ಬಿಟ್ಟಿತೆಂದು ಹೋದ ವರ್ಷ ನಾಲ್ಕೂ ಹೊಸದು ಹಾಕಿಸಿದರು, ಅವು ಇನ್ನೂ ರಸ್ತೆಯ ಮುಖ ನೋಡಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಶಟರ್ ಎತ್ತಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕೂತು, ಹತ್ತು ನಿಮಿಷ ನಿಂತಲ್ಲೇ ಎಂಜಿನ್ ಓಡಿಸಿ, ವ್ಯಾಯಾಮ ಆಯ್ತು ಅಂತ ಇಳಿದು ಬರುತ್ತಾರೆ. ಹಾಗೆ ಇಳಿಯುವಾಗ ಬೆವರು ಒರೆಸಿಕೊಳ್ಳುವುದು ಮಾತ್ರ ಅವರೇ.

ಇನ್ನು ನನ್ನ ಅಕ್ಕನ ವಿಚಾರ. ನನಗೆ ಸೂಜಿ ಹಿಡಿಯಲು ಕಲಿಸಿದವಳು, ಇಲ್ಲಿಂದ ಅರವತ್ತು ಕಿಲೋಮೀಟರ್ ದೂರದಲ್ಲಿರುವವಳು. ತಾವು ಬಂದ ದಿನ ಸೀಟು ಸವರಿ, ನನ್ನನ್ನೂ ಒಂದು ಸಲ ಸಮುದ್ರದ ತನಕ ಕರ್ಕೊಂಡು ಹೋಗೇ ಅಂದಿದ್ದಳು. ಕೂರಲು ಹೋದಾಗ ಚಪ್ಪಲಿ, ಚಪ್ಪಲಿ ಅಂತ ನಮ್ಮವರು ಕೂಗಿಕೊಂಡ ರಭಸಕ್ಕೆ ಪಾಪ, ಇಳಿದೇಬಿಟ್ಟಳು. ಈಗ ಅವಳ ಕಣ್ಣು ದಿನೇ ದಿನೇ ಮಸುಕಾಗುತ್ತಿದೆ, ವರ್ಷದೊಳಗೆ ಪೂರ್ತಿ ಹೋಗಬಹುದು ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಕಾರು ಬರೋದು ಮೊದಲೋ, ಕಣ್ಣು ಹೋಗೋದು ಮೊದಲೋ ನೋಡೋಣ ಬಿಡೇ ಅಂತ ಫೋನಿನಲ್ಲಿ ನಕ್ಕಳು. ನನಗೆ ನಗು ಬರಲಿಲ್ಲ, ಫೋನಿಟ್ಟು ಅತ್ತೆ.

ಆ ದಿನವೇ ಮೆಕ್ಯಾನಿಕ್ಕನ್ನು ಕರೆಸಿದೆ. ಬೀದಿಯವರೆಲ್ಲ ಎಣ್ಣೆ ಡಾಕ್ಟರು ಎನ್ನುವ ಆ ಮನುಷ್ಯ ತಮ್ಮ ಎಣ್ಣೆಯ ಮುಚ್ಚಳ ತೆರೆದರು, ಒಳಭಾಗಕ್ಕೆ ಅಂಟಿದ್ದ ಬೆಳ್ಳಗಿನ ಲೋಳೆಯನ್ನು ಬೆರಳಿಂದ ತೆಗೆದು ನಮ್ಮವರಿಗೆ ತೋರಿಸಿದರು. ಈ ಹತ್ತು ನಿಮಿಷದ ವ್ಯಾಯಾಮವೇ ಎಣ್ಣೆ ಕೆಡಿಸಿರೋದು ಸಾರ್, ಎಂಜಿನ್ ಸರಿಯಾಗಿ ಬಿಸಿಯಾಗಲ್ಲ, ಒಳಗೆ ನೀರು ಕೂರುತ್ತೆ. ಬ್ರೇಕಿನ ಎಣ್ಣೆಯೂ ನೀರು ಕುಡಿದಿದೆ, ಇಳಿಜಾರಲ್ಲಿ ಕಾಲು ಇಟ್ರೆ ಹಿಡಿಯುತ್ತೋ ಇಲ್ವೋ. ಕಿಲೋಮೀಟರ್ ನೋಡ್ಬೇಡಿ, ಕ್ಯಾಲೆಂಡರ್ ನೋಡಿ, ಎಲ್ಲ ಬದಲಾಯಿಸದೆ ರಸ್ತೆಗೆ ಇಳಿಸೋಕೆ ನಾನು ಬಿಡಲ್ಲ ಅಂದರು. ಓಡಿಸೇ ಇಲ್ಲ ಅಂದ್ಮೇಲೆ ಎಣ್ಣೆ ಹಳೇದಾಗೋದು ಹೇಗ್ರೀ ಅಂತ ನಮ್ಮವರು. ಗೇರುಪೆಟ್ಟಿಗೆಯ ಎಣ್ಣೆಯನ್ನು ಜೀವಮಾನವಿಡೀ ಬದಲಾಯಿಸಬೇಕಿಲ್ಲ ಎಂದು ಕಂಪನಿಯ ಪುಸ್ತಕವನ್ನೂ ಬಿಡಿಸಿ ತೋರಿಸಿದರು. ಅದನ್ನ ಬರೆದವರೇ ಈಗ ರಿಟೈರ್ ಆಗಿರ್ತಾರೆ ಸಾರ್ ಎಂದು ಎಣ್ಣೆ ಡಾಕ್ಟರು ಹೊರಟುಹೋದರು. ಓಡದ್ದರಿಂದ ಎಣ್ಣೆ ಬದಲಿಲ್ಲ, ಎಣ್ಣೆ ಬದಲಾಗದ್ದರಿಂದ ಓಡುವಂತಿಲ್ಲ. ಇಂಥ ಬಿಗಿ ಹೊಲಿಗೆಯನ್ನು ನಾನು ಜನ್ಮದಲ್ಲೇ ಹಾಕಿಲ್ಲ.

ಆದಕಾರಣ ಮಾನ್ಯರಲ್ಲಿ ಕೆಲವು ಸಣ್ಣ ಬೇಡಿಕೆಗಳಿದ್ದವು. ನಮ್ಮವರು ತಮ್ಮನ್ನು ಹೊಚ್ಚ ಹೊಸದು ಎಂದು ಹೊಗಳುವಾಗ ತಾವು ಒಮ್ಮೆಯಾದರೂ ಕೆಮ್ಮಬೇಕು, ಅವರು ಅಷ್ಟು ಅಕ್ಕರೆಯಿಂದ ಒರೆಸುವ ನೆಲದ ಮೇಲೆ ನಾಲ್ಕು ಹನಿ ಎಣ್ಣೆ ಸೋರಿಸಿ ಪ್ರತಿಭಟಿಸಬೇಕು, ಅದೂ ಆಗದಿದ್ದರೆ ಒಂದು ದಿನ ತಾವೇ ಶಟರ್ ಎತ್ತಿಕೊಂಡು ಅಕ್ಕನ ಮನೆಗೆ ಹೋಗಿ ಹಾರನ್ ಹೊಡೆಯಬೇಕು. ಆರು ತಿಂಗಳು ಕಾದೆ, ತಾವು ಮಿಸುಕಲಿಲ್ಲ. ಆ ಆರು ತಿಂಗಳಲ್ಲಿ ನಾನು ಸುಮ್ಮನೆ ಕೂರಲಿಲ್ಲ. ಗಿರಾಕಿಗಳಿಗೆ ಬಟ್ಟೆ ಕೊಟ್ಟು ಬರ್ತೀನಿ ಅಂತ ಹೇಳಿ ಡ್ರೈವಿಂಗ್ ಶಾಲೆಯ ಲಟಾರಿ ಕಾರಿನಲ್ಲಿ ಕಲಿತು ಲೈಸೆನ್ಸು ತೆಗೆದುಕೊಂಡೆ.

ಮೊನ್ನೆ ನಮ್ಮವರು ಹಳೆಯ ಐಷಾರಾಮಿ ಕಾರುಗಳ ಅಭಿಮಾನಿಗಳ ಸಮಾವೇಶಕ್ಕೆ, ತಮ್ಮ ಫೋಟೋವನ್ನು ಚೀಲದಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಹೊರಟರು. ಅವರ ಬಸ್ಸು ತಿರುವು ದಾಟುವಷ್ಟರಲ್ಲಿ ನನ್ನ ಕೈ ತಮ್ಮ ಹೊದಿಕೆಯ ಜೇಬಿನಲ್ಲಿತ್ತು. ಎಣ್ಣೆ ಡಾಕ್ಟರು ನಿನ್ನೆ ಇಡೀ ದಿನ ತಮ್ಮ ಕೆಳಗೆ ಮಲಗಿ ಎಂಜಿನ್ನಿನದು, ಬ್ರೇಕಿನದು, ಗೇರಿನದು, ಸ್ಟೀರಿಂಗಿನದು ಎಲ್ಲ ಇಳಿಸಿ ಹೊಸದು ತುಂಬಿಸಿದರು. ಎಂಜಿನ್ ತಣಿಸುವ ಹಸಿರು ನೀರಂತೂ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಸಂಜೆ ತಮ್ಮನ್ನು ನನ್ನ ಕೈಯಿಂದಲೇ ಓಡಿಸಿ, ಇಳಿಜಾರಿನಲ್ಲಿ ಹತ್ತು ಸಲ ಬ್ರೇಕ್ ಒತ್ತಿಸಿ, ಇನ್ನು ಸಮುದ್ರವಲ್ಲ ಎಲ್ಲಿಗೆ ಬೇಕಾದ್ರೂ ಹೋಗಿ ಅಮ್ಮಾ ಅಂದರು. ಹತ್ತೊಂಬತ್ತು ವರ್ಷದ ಸಿಟ್ಟನ್ನೆಲ್ಲ ಇಟ್ಟುಕೊಂಡೇ ಹೇಳುತ್ತೇನೆ, ತಾವು ಎಷ್ಟು ಚೆನ್ನಾಗಿ ಓಡುತ್ತೀರಿ! ಇಷ್ಟು ಚೆನ್ನಾಗಿ ಓಡುವವರನ್ನು ಕೂಡಿಹಾಕಿದ್ದರಲ್ಲ ಅಂತ ಹೊಟ್ಟೆ ಉರಿಯಿತು. ಇಂದು ಬೆಳಿಗ್ಗೆ ಎಂಟು ಗಂಟೆಗೆ ಹೊರಡೋಣ, ಅಕ್ಕ ಆಗಲೇ ತಯಾರಾಗಿ ಬಾಗಿಲಲ್ಲಿ ಕೂತಿದ್ದಾಳಂತೆ.

ತಮ್ಮ ವಿಶ್ವಾಸಿ,
ತಮಗೆ ಮೂರು ಹೊದಿಕೆ ಹೊಲಿದ, ನಾಲ್ಕನೆಯದನ್ನು ಹೊಲಿಯದ ದರ್ಜಿ

ಮರೆತ ಮಾತು: ತಮಗೆ ಓದಲು ಬಾರದು ಎಂಬುದು ಗೊತ್ತು. ಅದಕ್ಕೇ ಇದನ್ನು ಶಟರಿಗೆ ಅಂಟಿಸಿದ್ದೇನೆ, ಓದುವವರು ಸಂಜೆ ಬಸ್ಸಿಳಿದು ಬರುತ್ತಾರೆ. ಅವರ ಗಮನಕ್ಕೆ: ಕಾರಿನಿಂದ ಇಳಿಸಿದ ನಿಮ್ಮ ಹೊಚ್ಚ ಹೊಸ ಎಣ್ಣೆಗಳು ಐದು ಬಾಟಲಿಗಳಲ್ಲಿ ಊಟದ ಮೇಜಿನ ಮೇಲಿವೆ, ಕಣ್ತುಂಬ ನೋಡಿಕೊಳ್ಳಬಹುದು. ಮಿಷನ್ನು ತನ್ನ ಕೋಣೆಗೆ ವಾಪಸು ಹೋಗಿದೆ. ಹೊದಿಕೆಯನ್ನು ಬಿಚ್ಚಿ ನಿಮಗೊಂದು ಮೆತ್ತನೆಯ ನಿಲುವಂಗಿ ಹೊಲಿದಿಟ್ಟಿದ್ದೇನೆ. ನಾಳೆ ಭಾನುವಾರ, ಅದನ್ನು ತೊಟ್ಟು ಹತ್ತು ನಿಮಿಷ ನಿಂತಲ್ಲೇ ಕೈಕಾಲು ಆಡಿಸಿ, ಆರೋಗ್ಯಕ್ಕೆ ಅಷ್ಟು ಸಾಕಲ್ಲವೇ. ನಾವು ಸೋಮವಾರ ಬರುತ್ತೇವೆ. ಅಕ್ಕ ಸಮುದ್ರದ ದಂಡೆಯಲ್ಲಿ ಮನಸಾರೆ ಓಡಾಡಿ, ಮರಳು ಮೆತ್ತಿದ ಚಪ್ಪಲಿಯಲ್ಲೇ ಮುಂದಿನ ಸೀಟಿನಲ್ಲಿ ಕೂತು ಬರುತ್ತಾಳೆ.