ಮೋಟಾರ್ ಸೈಕಲ್ಲಿಗೊಂದು ಹಸುಬೆ ಚೀಲ

ದೇವರು ಕೆಲವರಿಗೆ ಸಾಮಾನು ಜೋಡಿಸುವ ಕೈ ಕೊಟ್ಟಿರುತ್ತಾನೆ; ನನಗೆ ಕೊಟ್ಟದ್ದು ಬೀಳಿಸುವ ಕೈ. ಅಂಥ ಕೈಯಿಟ್ಟುಕೊಂಡು ರಾಬರ್ಟ್‌ಸನ್‌ಪೇಟೆಯ ಔಷಧಾಲಯದಲ್ಲಿ ಕಾಂಪೌಂಡರ್ ಆದದ್ದೇ ದೊಡ್ಡ ಧೈರ್ಯ. ಸಾಲದ್ದಕ್ಕೆ, ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಇಂಗ್ಲಿಷ್ ದೊರೆಯೊಬ್ಬ ತನ್ನ ಸೀಮೆಗೆ ಹೊರಟಾಗ ಮಾರಿದ ಹಳೆಯ ಮೋಟಾರ್ ಸೈಕಲ್ಲನ್ನೂ ಕೊಂಡೆ. ಅದರಲ್ಲಿ ಸದ್ದಿಗೆ ಬೇಕಾದಷ್ಟು ಜಾಗವಿತ್ತು. ಸಾಮಾನಿಗೆ ಮಾತ್ರ ಅಂಗೈಯಗಲದ ತಗಡಿನ ಪೆಟ್ಟಿಗೆ. ಸ್ಪ್ಯಾನರು, ಚಿಂದಿ ಬಟ್ಟೆ, ನನ್ನ ಬುತ್ತಿ ಎಲ್ಲವೂ ಅದರಲ್ಲೇ ಸಂಸಾರ ಮಾಡಬೇಕು. ಪೆಟ್ರೋಲ್ ವಾಸನೆಯ ಚಿತ್ರಾನ್ನವನ್ನು ನನ್ನಷ್ಟು ತಿಂದವರು ಈ ಸುತ್ತಿನಲ್ಲಿ ಯಾರೂ ಇರಲಾರರು.

ಬೂದಿಕೋಟೆಯ ವೆಂಕಟಮ್ಮನ ಮಗಳಿಗೆ ಚಳಿಜ್ವರ ಹಿಡಿದಾಗ ಆ ಪೆಟ್ಟಿಗೆಯ ಬಣ್ಣ ಬಯಲಾಯಿತು. ಡಾಕ್ಟರು ಕೊಟ್ಟು ಕಳಿಸಿದ ಕ್ವಿನೈನ್ ಸೀಸೆ ಮೊದಲ ಸಲ ಸ್ಪ್ಯಾನರಿಗೆ ಬಡಿದು ಒಡೆಯಿತು. ಎರಡನೆಯ ಸಲ ಕೋಟಿನ ಜೇಬಿನಲ್ಲಿಟ್ಟೆ. ಬಂಗಾರಪೇಟೆಯ ರೈಲ್ವೆ ಗೇಟಿನಲ್ಲಿ ಗಾಡಿ ಕುಪ್ಪಳಿಸಿತು, ಔಷಧಿಯನ್ನೆಲ್ಲ ಕೋಟು ಕುಡಿಯಿತು. ಬರಿಗೈಯಲ್ಲಿ ಹೋಗಿ ನಿಂತರೆ ಹುಡುಗಿ ಚಾಪೆಯ ಮೇಲೆ ಗಡಗಡ ನಡುಗುತ್ತಿದ್ದಳು. ನನಗೆ ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

ವೆಂಕಟಮ್ಮ ಬೈಯಲಿಲ್ಲ. ಎತ್ತಿನ ಬೆನ್ನಿಗೆ ಹಾಕುವ, ಎರಡೂ ಬದಿಗೆ ಚೀಲವಿರುವ ಹಸುಬೆಯನ್ನು ತಂದು ಒಂದು ಬದಿಗೆ ರಾಗಿ ಸುರಿದಳು.

"ನಾವು ಕೋಳಿಮೊಟ್ಟೆ ಮಡಗೋದು ರಾಗಿ ಒಳ್ಗೇ ಸಾಮಿ. ನಿಮ್ ಸೀಸೇನೂ ಅಂಗೇ ಊತಿಟ್ಕಂಡು ಬನ್ನಿ."

ತಲೆಗೆ ಹ್ಯಾಟು, ಕಣ್ಣಿಗೆ ದೂಳಿನ ಕನ್ನಡಕ, ಹಿಂದೆ ಎತ್ತಿನ ಚೀಲ. ಮನೆಗೆ ಮರಳುವ ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಮರುದಿನ ಬೆಳಿಗ್ಗೆ ಡಾಕ್ಟರಿಂದ ಹೊಸ ಸೀಸೆ ತಂದು ರಾಗಿಯಲ್ಲಿ ಹೂತೆ. ನನ್ನಾಕೆ ಕಮಲ ತಾನೇ ಹಸುಬೆಯನ್ನು ಗಾಡಿಗೆ ಬಿಗಿದಳು. "ಒಂದೇ ಕಡೆ ಭಾರವಾದರೆ ಜಾರುತ್ತೆ. ಇನ್ನೊಂದು ಕಡೆಗೂ ರಾಗಿ ತುಂಬಿದೀನಿ" ಎಂದಳು.

ಈ ಸಲ ಗಾಡಿ ಎಷ್ಟು ಕುಪ್ಪಳಿಸಿದರೂ ನಾನು ಜಗ್ಗಲಿಲ್ಲ. ವೆಂಕಟಮ್ಮನ ಅಂಗಳದಲ್ಲಿ ನಾಲ್ಕು ಜನ ಸೇರಿದ್ದರು. ರಾಗಿಯೊಳಗಿಂದ ಸೀಸೆ ತೆಗೆದೆ. ಚೂರೂ ಬಿರುಕಿಲ್ಲ. ಎಲ್ಲರಿಗೂ ಕಾಣಲೆಂದು ಮೇಲೆತ್ತಿ ಹಿಡಿದೆ. ರಾಗಿಯ ನುಣುಪಿಗೋ ನನ್ನ ಜಂಭಕ್ಕೋ, ಅದು ಕೈಜಾರಿ ಒರಳುಕಲ್ಲಿನ ಮೇಲೆ ಬಿತ್ತು.

ನಾನು ಗಾಜಿನ ಚೂರುಗಳನ್ನು ಆಯತೊಡಗಿದೆ. ವೆಂಕಟಮ್ಮ ರಾಗಿಯಾದರೂ ಉಳಿಯಲಿ ಎಂದು ಇನ್ನೊಂದು ಬದಿಯ ಚೀಲವನ್ನು ಮೊರಕ್ಕೆ ಸುರಿದಳು. ರಾಗಿಯ ಜೊತೆಗೆ ಮತ್ತೊಂದು ಕ್ವಿನೈನ್ ಸೀಸೆ ಮೆಲ್ಲಗೆ ಹೊರಳಿ ಬಂತು.

"ನಿಮ್ಮನೇವ್ರು ಬುದ್ವಂತ್ರು ಸಾಮಿ" ಎಂದಳು ವೆಂಕಟಮ್ಮ, ಮಗಳ ಬಾಯಿಗೆ ಔಷಧಿ ಹಾಕುತ್ತ.

ಸಂಜೆ ಕಮಲಳನ್ನು ಕೇಳಿದೆ. "ಡಾಕ್ಟರನ್ನ ಕೇಳಿ ಇನ್ನೊಂದು ತಂದಿಟ್ಟಿದ್ದೆ. ಚೀಲದ ಮೇಲೆ ನನಗೆ ನಂಬಿಕೆ ಇತ್ತು" ಎಂದಳು. ಅದರ ಮುಂದಿನ ಮಾತನ್ನು ಆಡದೆ ಉಳಿಸಿದ್ದು ಅವಳ ದೊಡ್ಡತನ.

ಹುಡುಗಿ ವಾರದಲ್ಲಿ ಎದ್ದು ಓಡಾಡಿದಳು. ಆ ಇಬ್ಬರು ಹೆಂಗಸರ ಋಣ ನನ್ನ ಮೇಲಿದೆ. ಇವತ್ತಿಗೂ ಗಾಡಿಯ ಮೇಲೆ ಆ ಹಸುಬೆಯೇ. ಊರು ತಲುಪಿದೊಡನೆ ಗಾಡಿ ನಿಲ್ಲಿಸಿ, ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ದೂರ ನಿಲ್ಲುತ್ತೇನೆ. ಸೀಸೆಯನ್ನು ರೋಗಿಯ ಮನೆಯವರೇ ತೆಗೆದುಕೊಳ್ಳುತ್ತಾರೆ.